ಎಡಹೆಗಲ ಕೋವಿ

ಎಡಗಣ್ಣಿಗೆ ಹಿಟ್ಟಿನ ಧೂಳು ಹಾರಿ ಬೀಳದೇ ಇದ್ದಿದ್ದರೆ ಮಾರ್ಲೀಸ್ ವೈಸ್‌ಬ್ರೋಡ್‌ಗೆ ತನ್ನ ಬಲಗಣ್ಣು ಕೆಟ್ಟಿರುವುದು ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ. ಬೇಕರಿಯ ಕಟ್ಟೆಯ ಹಿಂದೆ ನಿಂತು ಬೆಳಗಿನ ಗಿರಾಕಿಗಳಿಗೆ ಬನ್ನು ಕಟ್ಟಿಕೊಡುತ್ತಿದ್ದಳು. ಹಿಟ್ಟು ಬಿದ್ದ ಕಣ್ಣನ್ನು ಮುಚ್ಚಿಕೊಂಡು, ಇನ್ನೊಂದರಲ್ಲಿ ಎದುರಿಗಿದ್ದ ಅಂಚೆಯವನನ್ನು ನೋಡಿದರೆ ಅವನಿಗೆ ಮೂಗೇ ಇರಲಿಲ್ಲ. ಕಿವಿಯಿತ್ತು, ಗಡ್ಡವಿತ್ತು, ಟೋಪಿಯಿತ್ತು. ನಡುವೆ ಬೂದಿ ಮೆತ್ತಿದಂಥ ಒಂದು ಮಚ್ಚೆ.

"ಏನು ಹೀಗ್ ನೋಡ್ತಿದ್ದೀಯ?" ಎಂದ ಅವನು.

"ನಿನ್ನ ಮೂಗು ಎಲ್ಲೋ ಹೋಗಿದೆ," ಎಂದಳು ಮಾರ್ಲೀಸ್.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಹಿಂದಿನ ಕೋಣೆಗೆ ಹೋಗಿ ಕಣ್ಣು ತೊಳೆದುಕೊಂಡು, ಕನ್ನಡಿಯ ಮುಂದೆ ನಿಂತು ಎಡಗಣ್ಣು ಮುಚ್ಚಿದಾಗ ಅವಳ ಮೂಗೂ ಇರಲಿಲ್ಲ. ಆಮೇಲೆ ನಗು ಬರಲಿಲ್ಲ.

ಕಣ್ಣಿನ ಹಿಂದಿನ ರಕ್ತನಾಳವೊಂದು ಕಟ್ಟಿಕೊಂಡಿದೆ ಎಂದರು ವೈದ್ಯರು. ಚುಚ್ಚುಮದ್ದು ಕೊಟ್ಟರು. ಅಂಚಿನ ನೋಟ ಉಳಿಯುತ್ತದೆ, ನಡುವಿನದು ಬರುವುದಿಲ್ಲ. ಕಾರು ಓಡಿಸಬಹುದು, ಓದಬಹುದು, ಎಡಗಣ್ಣು ಹದ್ದಿನ ಕಣ್ಣಿನ ಹಾಗಿದೆ ಎಂದು ಸಮಾಧಾನವನ್ನೂ ಹೇಳಿದರು. ಮಾರ್ಲೀಸ್ ಕೇಳಿದ್ದು ಒಂದೇ ಪ್ರಶ್ನೆ: "ಬೇಟೆ?" ವೈದ್ಯರು ಬೇಟೆಯಾಡುವವರಲ್ಲ. ಗೊತ್ತಿಲ್ಲ ಎಂಬಂತೆ ಹೆಗಲು ಕುಣಿಸಿದರು.

ಬೆಂಡೆಲ್‌ಬಾಖ್ ಊರಿಗೆ ಒಂದು ಕಡೆ ದ್ರಾಕ್ಷಿತೋಟಗಳು, ಇನ್ನೊಂದು ಕಡೆ ಕಾಡು. ಬೇಸಿಗೆಯಲ್ಲಿ ಕಾಡುಹಂದಿಗಳು ರಾತ್ರಿ ಇಳಿದು ಬಂದು ತೋಟದ ಮಣ್ಣನ್ನು ಉತ್ತು ಹೋಗುತ್ತವೆ. ಚಳಿಗಾಲ ಹತ್ತಿರವಾದಾಗ ಊರಿನವರು ಸೋವು ಬೇಟೆ ಇಟ್ಟುಕೊಳ್ಳುತ್ತಾರೆ: ಒಂದಷ್ಟು ಜನ ಕೂಗುತ್ತ, ನಾಯಿ ಬಿಡುತ್ತ ಪೊದೆಗಳಿಂದ ಮಿಕಗಳನ್ನು ಎಬ್ಬಿಸುವುದು, ಮಿಕ್ಕವರು ಅಲ್ಲಲ್ಲಿ ಕೋವಿ ಹಿಡಿದು ಕಾಯುವುದು. ಎಷ್ಟೇ ಪಳಗಿದ ಕೈಯಾದರೂ ಒಮ್ಮೊಮ್ಮೆ ಈಡು ತಪ್ಪುತ್ತದೆ. ಗಾಯಗೊಂಡ ಹಂದಿಯೋ ಜಿಂಕೆಯೋ ಪೊದೆ ಹೊಕ್ಕು ಮಾಯವಾಗುತ್ತದೆ. ಆಗ ಫೋನು ಬರುತ್ತಿದ್ದುದು ಮಾರ್ಲೀಸ್‌ಗೆ. ಅವಳು ಬೇಕರಿಯ ಏಪ್ರನ್ ಬಿಚ್ಚಿ, ನಾಯಿಯನ್ನು ಕಾರಿಗೆ ಹತ್ತಿಸಿ ಹೊರಡುತ್ತಿದ್ದಳು. ನೆತ್ತರಿನ ಜಾಡು ಹಿಡಿದು ಮಿಕವನ್ನು ಹುಡುಕಿ ಅದರ ನರಳಾಟ ಮುಗಿಸುವುದು ಅವಳ ಕೆಲಸ. ಸಂಬಳವಿಲ್ಲ. ಅಪ್ಪ ಎಮಿಲ್ ಮಾಡುತ್ತಿದ್ದ, ಅವನ ನಂತರ ಇವಳು. ಮದುವೆಯೂ ಒಂದು ಆಗಿತ್ತು. ಸೋಫಾದ ಮೇಲೆಲ್ಲ ನಾಯಿ ಕೂದಲು ಎಂದು ಗೊಣಗುತ್ತಿದ್ದ ಗಂಡ ಒಂದು ದಿನ ಸೋಫಾವನ್ನೂ ಎತ್ತಿಕೊಂಡು ಹೊರಟುಹೋದ. ನಾಯಿ ಉಳಿಯಿತು.

ಈಗಿನ ನಾಯಿ ಫೆನ್ಯಾ, ಕೆಂಪು ಮೈಯ, ಜೋಲು ಕಿವಿಯ ಹ್ಯಾನೋವರ್ ತಳಿ. ಪ್ರಾಯ ತುಂಬಿದ ನಾಯಿ. ಹಿಂದಿನ ದಿನದ ಜಾಡನ್ನು ಮಳೆ ತೊಳೆದರೂ ಬಿಡದ ಮೂಗು ಅದರದ್ದು.

ಕಣ್ಣಿನ ಸುದ್ದಿ ಊರಿಗೆ ಹಬ್ಬಿದ ಮೇಲೆ ಒಟ್‌ಮಾರ್ ಹೌಕ್ ಬೇಕರಿಗೆ ಬಂದ. ದ್ರಾಕ್ಷಿ ಬೆಳೆಗಾರ, ಊರಿನ ಕಾಡಿನ ಬೇಟೆ ಗುತ್ತಿಗೆ ಅವನದೇ. ಮಾರ್ಲೀಸ್ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಕರಿ ರೊಟ್ಟಿ ಕೊಂಡು, ದುಡ್ಡು ಕೊಟ್ಟು, ಆಮೇಲೂ ನಿಂತೇ ಇದ್ದ.

"ಹೇಳಿಬಿಡು," ಎಂದಳು ಮಾರ್ಲೀಸ್.

"ಕೋವಿ ಹಿಡಿಯೋ ಕೈಯೇ ಬೇರೆ, ನೋಡೋ ಕಣ್ಣೇ ಬೇರೆ ಆದ್ರೆ ಹೇಗೆ ಮಾರ್ಲೀಸ್? ನೀನು ಬಲಗೈಯವಳು. ಎದುರಿಗೆ ಗಾಯದ ಹಂದಿ ಇರತ್ತೆ. ನಿನಗೇನಾದ್ರೂ ಆದ್ರೆ ನಿಮ್ಮಮ್ಮನಿಗೆ ಯಾರು ಹೇಳೋದು? ನಾನಂತೂ ಹೇಳಲ್ಲ. ಅವಳ ಬಾಯಿಗೆ ಸಿಕ್ಕಿಕೊಳ್ಳೋದು ನನ್ನ ಕೈಲಾಗಲ್ಲ."

"ಹಾಗಾದ್ರೆ ಈ ಸಲ ಜಾಡು ಹಿಡಿಯೋರು ಯಾರು?"

"ಬೆಟ್ಟದಾಚೆಯ ಒಬ್ಬನಿಗೆ ಹೇಳಿದ್ದೀನಿ."

"ಹೇಳಿಯೂ ಆಯ್ತು," ಎಂದಳು ಅವಳು. ಒಟ್‌ಮಾರ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಹೊರಟುಹೋದ. ಅವನ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದೇ ಅವಳಿಗೆ ನುಂಗಲಾಗದ ತುತ್ತು.

ಮನೆಗೆ ಹೋಗಿ ಕಪಾಟಿನಿಂದ ಅಪ್ಪನ ಕೋವಿ ತೆಗೆದಳು. ಖಾಲಿ ಇದೆಯೇ ಎಂದು ನೋಡಿ ಎಡಹೆಗಲಿಗೆ ಏರಿಸಿದಳು. ಬೋಲ್ಟಿನ ಹಿಡಿ ಬಲಬದಿಗೆ. ಈಡು ಹಾರಿಸಿದ ಮೇಲೆ ಮುಂದಿನ ತೋಟಾ ತುಂಬಬೇಕೆಂದರೆ ಎಡಗೈಯನ್ನು ಕೋವಿಯ ಮೇಲಿಂದ ಆಚೆಗೆ ಹಾಯಿಸಿ, ಹಿಡಿಯನ್ನು ಮೇಲಕ್ಕೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ದೂಡಿ, ಮತ್ತೆ ಕೆಳಗಿಳಿಸಬೇಕು. ಅಷ್ಟರಲ್ಲಿ ಕೆನ್ನೆ ಕೋವಿಯಿಂದ ಎದ್ದಿರುತ್ತದೆ, ಗುರಿ ಗೋಡೆಯ ಗಡಿಯಾರದಿಂದ ಕಿಟಕಿಯ ಪರದೆಗೆ ಜಾರಿರುತ್ತದೆ.

ಮೂಲೆಯ ಕುರ್ಚಿಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅಮ್ಮ ಟ್ರೂಡೆಲ್ ಇದನ್ನೆಲ್ಲ ನೋಡುತ್ತಿದ್ದಳು.

"ಕೋವಿ ಹಿಡ್ಕೊಂಡು ಕುಸ್ತಿ ಆಡ್ತಿದ್ದೀಯೇನೇ?"

"ಇದು ಬಲಗೈಯವರದ್ದಮ್ಮ."

"ಎಡಗೈಯವರದ್ದು ಮಾಡೋದೇ ಇಲ್ವೇನು? ಕತ್ತರಿ ಇದೆ, ಕೋವಿ ಇರಲ್ವ? ಸುಮ್ನೆ ಅಪ್ಪಂದು ಅಪ್ಪಂದು ಅಂತ ಕಟ್ಕೊಂಡು ಕೂತಿದ್ದೀಯ. ಅದು ಅವನ ಮೂಳೆಗೆ ಹೊಂದ್ತಿತ್ತು. ಅವನೀಗ ಇಲ್ಲ."

ಮಾರ್ಲೀಸ್ ಕೋವಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕಪಾಟಿನಲ್ಲಿಟ್ಟಳು. ಮಾರನೆಯ ವಾರ ಪೇಟೆಗೆ ಹೋದಳು.

ಪೇಟೆಯಲ್ಲಿ ಕೋವಿ ಅಂಗಡಿ ಇಟ್ಟವನು ವೆಂಡೆಲಿನ್ ಕುಂಟ್ಸ್. ತೆಳ್ಳಗೆ ಎತ್ತರದ ಮನುಷ್ಯ, ಉದ್ದನೆಯ ಹಸಿರು ಏಪ್ರನ್, ಮಾತು ಕಡಿಮೆ. ಮಾರ್ಲೀಸ್ ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಅವನು ಅವಳ ಮುಖ ನೋಡಲಿಲ್ಲ. ಕೈ, ಹೆಗಲು, ಕತ್ತಿನ ಉದ್ದ ನೋಡುತ್ತಿದ್ದ, ದರ್ಜಿ ನೋಡುವ ಹಾಗೆ.

"ನೇರ ಎಳೆತದ್ದು ನೋಡೋಣ ಫ್ರಾವ್ ವೈಸ್‌ಬ್ರೋಡ್," ಎಂದ. "ಇದರಲ್ಲಿ ಬೋಲ್ಟನ್ನ ಮೇಲಕ್ಕೆತ್ತೋದು, ಕೆಳಗಿಳಿಸೋದು ಇಲ್ಲ. ಹಿಂದಕ್ಕೆಳೀರಿ, ಮುಂದಕ್ಕೆ ದೂಡಿ, ಅಷ್ಟೇ. ಕೆನ್ನೆ ಕದಲಲ್ಲ. ಎಡಗೈಗೆ ಬೇಕಾದ್ರೆ ಎಡ ಬೋಲ್ಟ್ ಹಾಕಿಕೊಡ್ತೀನಿ. ನಳಿಗೆ ಬಿಚ್ಚಬಹುದು, ಹೆಗಲಿಗೆ ಒರಗೋ ಹಿಂಬದಿ ಬೇರೆ ಹಾಕಬಹುದು. ಒಂದೇ ಕೋವಿ, ನಿಮ್ಮ ಮೈಗೆ ಬೇಕಾದ ಹಾಗೆ."

ಗಾಜಿನ ಕಪಾಟಿನಿಂದ ಮೊದಲು ತೆಗೆದದ್ದು ಚೆಂದದ ಕೋವಿ. ಅಕ್ರೋಟು ಮರದ ಹಿಂಬದಿಯಲ್ಲಿ ಜೇನಿನ ಬಣ್ಣದ ಗೆರೆಗಳು ಹೊಗೆಯ ಹಾಗೆ ಸುಳಿದಿದ್ದವು. ಮಾರ್ಲೀಸ್ ಅದರ ಮೇಲೆ ಕೈಯಾಡಿಸಿದಳು. ಬೋಲ್ಟಿನ ಹಿಂದೆ ಹೆಬ್ಬೆರಳಿನಿಂದ ಮುಂದಕ್ಕೆ ದೂಡುವ ಒಂದು ಗುಂಡಿ ಇತ್ತು. ಅದನ್ನು ದೂಡುವವರೆಗೆ ತೋಟಾ ಒಳಗಿದ್ದರೂ ಕೋವಿ ನಿದ್ದೆಯಲ್ಲಿರುತ್ತದೆ, ಬೆರಳಿನಿಂದ ಕೋವಿಯ ಕುದುರೆ ಎಳೆದರೂ ಈಡು ಹಾರುವುದಿಲ್ಲ ಎಂದ ವೆಂಡೆಲಿನ್. ಮುಳ್ಳಿನಲ್ಲಿ ತೆವಳುವವಳಿಗೆ ಅದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಆದರೆ ದೂಡಲು ಹೋದರೆ ಗುಂಡಿ ಕದಲಲಿಲ್ಲ. ಹಿಟ್ಟು ನಾದಿ ನಾದಿ ಸವೆದ ಹೆಬ್ಬೆರಳ ಕೀಲು ಚುಳ್ ಎಂದಿತು. ಎರಡನೆಯ ಸಲ ಪೂರಾ ಬಲ ಹಾಕಿದಾಗ ಹೋಯಿತು, ಜೊತೆಗೆ ಕೋವಿಯ ಮೂತಿಯೂ ಒಂದು ಗೇಣು ಪಕ್ಕಕ್ಕೆ ಹೋಯಿತು.

"ಇದು ಬೇಡ," ಎಂದಳು.

"ಮರ ತುಂಬ ಚೆನ್ನಾಗಿದೆ," ಎಂದ ವೆಂಡೆಲಿನ್, ತನಗೇ ಬಿಟ್ಟುಕೊಡಲು ಮನಸ್ಸಿಲ್ಲದವನಂತೆ.

"ಮರ ನೋಡ್ತಾ ಕೂರೋಕೆ ಹಂದಿ ಬಿಡಲ್ಲ."

ಅವನು ಮೊದಲ ಸಲ ನಕ್ಕ. ಆಮೇಲೆ ಅಂಗಡಿಯ ಹಿಂಬಾಗಿಲಿನಿಂದ ಬೇರೊಂದನ್ನು ತಂದ. ಕಪ್ಪು, ಮಂಕು, ಪ್ಲಾಸ್ಟಿಕ್ ಹಿಂಬದಿ. ನೋಡಲು ನೀರಿನ ಪೈಪಿನ ಹಾಗಿತ್ತು. ಗುಂಡಿ ಮಾತ್ರ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. "ಕಣ್ಣು ಮುಚ್ಚಿ," ಎಂದ ವೆಂಡೆಲಿನ್. "ಹೆಗಲಿಗೆ ಏರಿಸಿ. ಕೆನ್ನೆ ಎಲ್ಲಿ ಬೀಳತ್ತೋ ಅಲ್ಲಿ ಬೀಳಲಿ. ಈಗ ಕಣ್ಣು ಬಿಡಿ."

ಮಾರ್ಲೀಸ್ ಎಡಗಣ್ಣು ತೆರೆದಳು. ಕೋವಿಯ ಮೇಲಿನ ದುರ್ಬೀನಿನ ಗಾಜಿನ ತುಂಬ ಕರಿ ಅಂಚು ಕಂಡಿತು, ಅಂಗಡಿಯ ಬಾಗಿಲು ಅರ್ಧವೇ ಕಾಣಿಸಿತು. ಹಿಂಬದಿ ಉದ್ದ ಎಂದು ಅವನು ಒಂದು ಪದರ ತೆಗೆದ. ಮತ್ತೆ ಕಣ್ಣು ಮುಚ್ಚಿಸಿದ. ಕೆನ್ನೆ ಒರಗುವ ಪಟ್ಟಿಯನ್ನು ಒಂದಿಷ್ಟು ಮೇಲೆತ್ತಿದ. ಮತ್ತೆ. ಅವಳಿಗೆ ಬೇಜಾರು ಬರತೊಡಗಿದಾಗ ಒಮ್ಮೆ ಕಣ್ಣು ತೆರೆದರೆ ಬಾಗಿಲು, ಬಾಗಿಲಾಚೆಯ ಬೀದಿ, ಬೀದಿಯಾಚೆ ಐಸ್‌ಕ್ರೀಮ್ ಅಂಗಡಿಯ ಹಲಗೆ, ಎಲ್ಲ ದುಂಡಗೆ, ಪೂರ್ತಿಯಾಗಿ, ತಲೆ ಒಂದು ಕೂದಲೆಳೆ ಅಲುಗಿಸದೆ ಕಾಣಿಸಿದವು. ಅವಳು ಕೋವಿ ಇಳಿಸಲಿಲ್ಲ. ಬಲಗಣ್ಣಿನ ಬೂದಿ ಮಚ್ಚೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

"ನಿಮಗೆ ಹೊಂದಿದ ಕೋವಿ ಇದುವರೆಗೂ ನಿಮ್ಮ ಕೈಗೆ ಬಂದಿರಲಿಲ್ಲ ಅನ್ಸತ್ತೆ," ಎಂದ ವೆಂಡೆಲಿನ್. "ಅಪ್ಪಂದಿರ ಕೋವಿ ಹೆಣ್ಣುಮಕ್ಕಳಿಗೆ ಯಾವಾಗಲೂ ಒಂದು ಮುಷ್ಟಿ ಉದ್ದ."

ನಳಿಗೆಯ ವಿಷಯಕ್ಕೆ ಸ್ವಲ್ಪ ವಾದವಾಯಿತು. ಸದ್ದು ತಗ್ಗಿಸುವ ಕೊಳವೆ ಹಾಕಿಸಿ, ನಾಯಿಯ ಕಿವಿಗೆ ಒಳ್ಳೆಯದು ಎಂದ ಅವನು. ಹಾಕಿಸಿದರೆ ಕೋವಿ ಉದ್ದವಾಗಿ ಮುಳ್ಳಿನಲ್ಲಿ ತೊಡರುತ್ತದೆ ಎಂದಳು ಇವಳು. ಕೊನೆಗೆ ಎರಡು ನಳಿಗೆಗಳೆಂದು ತೀರ್ಮಾನವಾಯಿತು: ಜಾಡು ಹಿಡಿಯಲು ಹೋಗುವಾಗ ಮೊಳದುದ್ದದ ಗಿಡ್ಡ ನಳಿಗೆ, ಮೇಲೆ ಗುರಿ ತೋರಿಸುವ ಕೆಂಪು ಚುಕ್ಕಿಯ ಗಾಜು, ಕಾಡಂಚಿನಲ್ಲಿ ಜಿಂಕೆ ಕಾಯುವುದಕ್ಕೆ ಉದ್ದ ನಳಿಗೆ, ಅದಕ್ಕೆ ದುರ್ಬೀನು, ಕೊಳವೆ. ಗಿಡ್ಡದ್ದರ ತುದಿಗೂ ಕೊಳವೆ ತಿರುಗಿಸಿ ಕೂರಿಸಲು ತಿರುಪಿನ ಸುತ್ತು ಇರಲಿ, ಮನಸ್ಸು ಬದಲಾದರೆ ಬೇಕಾಗುತ್ತದೆ ಎಂದ ವೆಂಡೆಲಿನ್ ತನ್ನ ಮಾತನ್ನೂ ಅರ್ಧ ಉಳಿಸಿಕೊಂಡ. ಕೋವಿಯ ಕೆಳಗಿನ ಎರಡು ತಿರುಪುಗಳನ್ನು ಕೀಲಿಯಿಂದ ಸಡಿಲಿಸಿದರೆ ಒಂದು ನಳಿಗೆ ಎದ್ದು ಬರುತ್ತದೆ, ಇನ್ನೊಂದು ಕೂರುತ್ತದೆ. "ಕೀಲಿ 'ಕಟಕ್' ಅನ್ನೋವರೆಗೂ ತಿರುಗಿಸ್ಬೇಕು," ಎಂದು ಎರಡು ಸಲ ಹೇಳಿದ.

ಆ ಬೇಸಿಗೆಯೆಲ್ಲ ಮಾರ್ಲೀಸ್ ಎಡಗೈಯವಳಾಗಲು ಪಾಡುಪಟ್ಟಳು. ಹಲ್ಲುಜ್ಜುವುದು ಎಡಗೈ, ಸೂಪು ಕುಡಿಯುವುದು ಎಡಗೈ. ಬನ್ನಿನ ಮೇಲೆ ಎಡಗೈಯಲ್ಲಿ ಗೀರು ಹಾಕಲು ಹೋಗಿ ಒಂದು ಇಡೀ ತಟ್ಟೆ ಹಾಳಾಯಿತು. ಆ ವಾರ ಊರಿನವರು "ಕುಂಟ ಬನ್ನು ಕೊಡು" ಎಂದೇ ಕೇಳುತ್ತಿದ್ದರು. ಸಂಜೆ ಅಡುಗೆಮನೆಯಲ್ಲಿ ಮದ್ದಿಲ್ಲದ ಸುಳ್ಳು ತೋಟಾ ಹಾಕಿಕೊಂಡು ಗೋಡೆಯ ಮೇಲಿನ ಒಂದು ಮೊಳೆಗೆ ಗುರಿಯಿಡುತ್ತಿದ್ದಳು. ಹೆಗಲಿಗೆ, ಗುಂಡಿ ಮುಂದಕ್ಕೆ, ಕುದುರೆ, ಎಳೆ, ದೂಡು, ಕುದುರೆ. ಫೆನ್ಯಾ ಮೊದಮೊದಲು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು, ಆಮೇಲೆ ಇದು ಹೊರಡುವ ಸದ್ದಲ್ಲ ಎಂದು ತಿಳಿದು ಒಲೆಯ ಪಕ್ಕ ಮಲಗಿಯೇ ಬಾಲ ಬಡಿಯುತ್ತಿತ್ತು.

"ಆ ಮೊಳೆ ಇಷ್ಟೊತ್ತಿಗೆ ಸತ್ತಿರಬೇಕು," ಎನ್ನುತ್ತಿದ್ದಳು ಅಮ್ಮ. ಆದರೆ ಮಗಳ ಕೈ ಸೋತು ನಿಂತಾಗ "ಇನ್ನೊಂದು ಸಲ" ಎನ್ನುತ್ತಿದ್ದವಳೂ ಅವಳೇ.

ಸೆಪ್ಟೆಂಬರ್‌ನಲ್ಲಿ ಗುರಿ ಪರೀಕ್ಷೆ. ಸೋವು ಬೇಟೆಗೆ ಬರುವವರೆಲ್ಲ ಗುರಿ ಮೈದಾನಕ್ಕೆ ಹೋಗಿ, ಹಳಿಯ ಮೇಲೆ ಓಡುವ ಕಾಗದದ ಹಂದಿಗೆ ಈಡು ಹೊಡೆದು ಪತ್ರ ತರಬೇಕು. ಅಂದು ಬೇಕರಿಯಲ್ಲಿ ತಡವಾಗಿತ್ತು. ಮಾರ್ಲೀಸ್ ಕಾರು ನಿಲ್ಲಿಸಿದವಳೇ ಉದ್ದ ನಳಿಗೆ ಬಿಚ್ಚಿ ಗಿಡ್ಡದ್ದನ್ನು ಕೂರಿಸಿ ಓಡಿದಳು. ಅವಳ ಸಾಲಿನಲ್ಲೇ ಒಟ್‌ಮಾರ್ ಇದ್ದ. ಇನ್ನೂ ಒಂದಿಷ್ಟು ಗುರುತಿನವರಿದ್ದರು. ಅವಳು ಎಡಹೆಗಲಿಗೆ ಕೋವಿ ಏರಿಸಿದಾಗ ಸುತ್ತಲಿನವರೆಲ್ಲ ಅವಳತ್ತ ತಿರುಗಿದರು.

ಹಂದಿ ಓಡಿತು. ಅವಳ ಕೈ ಒಂದು ಸಲವೂ ತಡವರಿಸಲಿಲ್ಲ. ಈಡು, ಎಳೆ, ದೂಡು, ಈಡು, ಅಡುಗೆಮನೆಯಲ್ಲಿ ಮಾಡಿದ ಹಾಗೆಯೇ. ಆದರೆ ಕಾಗದ ಹತ್ತಿರ ಬಂದಾಗ ಹಂದಿಯ ಮೈಯಲ್ಲಿ ಒಂದೂ ತೂತಿರಲಿಲ್ಲ. ಒಂದು ಬಾಲದ ಹಿಂದೆ ಹೋಗಿತ್ತು, ಒಂದು ಬೆನ್ನ ಮೇಲೆ, ಮಿಕ್ಕವು ಎಲ್ಲಿ ಹೋದವೋ.

"ಈ ಹಂದಿ ನೂರು ವರ್ಷ ಬದುಕತ್ತೆ," ಎಂದರು ಯಾರೋ ಹಿಂದಿನಿಂದ.

ಒಟ್‌ಮಾರ್ ನಗಲಿಲ್ಲ. ಅವಳ ಜೊತೆ ಕಾರಿನವರೆಗೂ ನಡೆದು ಬಂದು, "ನೀನು ಪ್ರಯತ್ನ ಪಟ್ಟೆ. ಅದು ಸಾಕು. ಬಿಟ್ಟುಬಿಡು," ಎಂದ. ಮೆಲ್ಲಗೆ ಹೇಳಿದ. ಅದಕ್ಕೇ ಅವಳಿಗೆ ಅಳು ಬಂತು. ಕಾರಿನ ಬಾಗಿಲು ಹಾಕಿಕೊಂಡು, ಅವನು ಮರೆಯಾಗುವವರೆಗೂ ಕಾದು ಅತ್ತಳು.

ಮನೆಗೆ ಬಂದವಳು ಕೋವಿಯನ್ನು ಮೇಜಿನ ಮೇಲೆ ಮಲಗಿಸಿದಳು. ಒರೆಸಿಟ್ಟು ಮಾರಿಬಿಡುವುದೆಂದು ಆಗಲೇ ನಿರ್ಧಾರವಾಗಿತ್ತು. ನಳಿಗೆ ಬಿಚ್ಚಲು ಕೀಲಿಯನ್ನು ತಿರುಪಿಗೆ ಇಟ್ಟು ಒಂದಿಷ್ಟು ಬಲ ಹಾಕಿದರೆ ತಿರುಪು ಬೆರಳಿನಲ್ಲೇ ತಿರುಗುವಷ್ಟು ಸಡಿಲ. ಇನ್ನೊಂದೂ ಹಾಗೆಯೇ. ನಳಿಗೆಯನ್ನು ಹಿಡಿದು ಅಲ್ಲಾಡಿಸಿದಳು. ಟಕ್ ಟಕ್ ಎಂದಿತು. ಆತುರದಲ್ಲಿ 'ಕಟಕ್' ಕೇಳುವವರೆಗೆ ತಿರುಗಿಸಿರಲೇ ಇಲ್ಲ.

"ಅಮ್ಮ," ಎಂದಳು. ದನಿ ವಿಚಿತ್ರವಾಗಿ ಹೊರಟಿತು. "ಕಣ್ಣಲ್ಲ. ತಿರುಪು."

"ಏನು?"

"ನನ್ನ ಕಣ್ಣು ಸರಿಯಾಗಿದೆ. ತಿರುಪು ಬಿಗಿ ಮಾಡಿರಲಿಲ್ಲ."

ಟ್ರೂಡೆಲ್ ಸೂಜಿ ನಿಲ್ಲಿಸಿ ಮಗಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಾಗಾದ್ರೆ ತಲೆಯದ್ದೂ ಒಂದು ಬಿಗಿ ಮಾಡ್ಕೋ," ಎಂದಳು. ಮಾರ್ಲೀಸ್ ಮೇಜಿಗೆ ಹಣೆ ಹಚ್ಚಿ ನಕ್ಕಳು.

ಮುಂದಿನ ಶನಿವಾರ ಅವಳು ಎಲ್ಲರಿಗಿಂತ ಮೊದಲು ಗುರಿ ಮೈದಾನದಲ್ಲಿದ್ದಳು. ನಳಿಗೆ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿದಳು, ಎರಡೂ ತಿರುಪುಗಳನ್ನು 'ಕಟಕ್' ಎನ್ನಿಸಿದಳು, ನಿಂತ ಗುರಿಗೆ ಮೊದಲು ಹೊಡೆದು ಈಡು ಬೀಳುವ ಜಾಗ ನೋಡಿಕೊಂಡಳು. ಆಮೇಲೆ ಹಂದಿ ಓಡಿಸಿ ಎಂದಳು. ಕಾಗದ ತಂದುಕೊಟ್ಟ ಮೈದಾನದವನು ಅದನ್ನು ಬೆಳಕಿಗೆ ಹಿಡಿದು, ಹಂದಿಯ ಎದೆಯ ಮೇಲಿನ ತೂತುಗಳನ್ನು ಒಂದು ಅಂಗೈಯಿಂದ ಮುಚ್ಚಿ ತೋರಿಸಿ, "ಮನೆ ಬಾಗಿಲಿಗೆ ಅಂಟಿಸ್ಕೊಳ್ಳಿ," ಎಂದ. ಅವಳು ಅಂಟಿಸಿದ್ದು ಬೇಕರಿಯ ಬಾಗಿಲಿಗೆ, ಒಟ್‌ಮಾರ್‌ನ ಕಣ್ಣಿನ ಎತ್ತರಕ್ಕೆ.

ಒಟ್‌ಮಾರ್ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. "ಚೆನ್ನಾಗಿದೆ," ಎಂದ. "ಆದ್ರೆ ಆಚೆಯವನಿಗೆ ಮಾತು ಕೊಟ್ಟಾಗಿದೆ ಮಾರ್ಲೀಸ್. ಈ ಸಲ ನೀನು ರೊಟ್ಟಿ ತಗೊಂಡು ಬಾ."

ನವೆಂಬರ್‌ನ ಸೋವು ಬೇಟೆಯ ದಿನ ಅವಳು ರೊಟ್ಟಿಯನ್ನೇ ತಂದಳು. ಕಾಡಿನ ಗುಡಿಸಲ ಮುಂದೆ ದೊಡ್ಡ ಹಂಡೆಯಲ್ಲಿ ಆಲೂಗಡ್ಡೆ ಸೂಪು ಕುದಿಯುತ್ತಿತ್ತು. ಮಂಜು ಮರಗಳ ಸೊಂಟದವರೆಗೆ ನಿಂತಿತ್ತು. ಅವಳು ರೊಟ್ಟಿ ಹೆಚ್ಚುತ್ತ ದೂರದ ಈಡುಗಳನ್ನು ಕೇಳುತ್ತಿದ್ದಳು. ಕಾರಿನ ಹಿಂದಿನ ಪಂಜರದಲ್ಲಿ ಫೆನ್ಯಾ ಪ್ರತಿ ಈಡಿಗೂ ಸಣ್ಣಗೆ ಕುಂಯ್‌ಗುಟ್ಟುತ್ತಿತ್ತು. ಕೋವಿಯೂ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಲ್ಲೇ ಇತ್ತು. ಏಕೆ ತಂದೆ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಬೇಟೆ ಮುಗಿದ ಕೊಂಬು ಊದಿದ ಸ್ವಲ್ಪ ಹೊತ್ತಿಗೆ ಒಟ್‌ಮಾರ್ ಬಂದ. ಕಿತ್ತಳೆ ಜಾಕೀಟಿನ ತೋಳು ಹರಿದಿತ್ತು, ಮುಖ ಬಿಳಿಚಿತ್ತು. ಒಂಟಿಯಾಗಿ ತಿರುಗುವ ದೊಡ್ಡ ಸಲಗ, ಗಂಡು ಕಾಡುಹಂದಿಯೊಂದು, ಗಾಯಗೊಂಡು ತೋಟದಂಚಿನ ಮುಳ್ಳುಪೊದೆ ಹೊಕ್ಕಿದೆ. ಬೆಟ್ಟದಾಚೆಯವನ ನಾಯಿ ಬೆಳಗಿನ ಇನ್ನೊಂದು ಜಾಡಿನಲ್ಲಿ ಕೋರೆ ಏಟು ತಿಂದು ಪಶುವೈದ್ಯರ ಬಳಿ ಹೋಗಿದೆ. ಪೊದೆಯ ಆಚೆಗೇ ಜನ ಓಡಾಡುವ ದಾರಿ.

ಮಾರ್ಲೀಸ್ ರೊಟ್ಟಿ ಚಾಕು ಕೆಳಗಿಟ್ಟಳು. "ಎಲ್ಲಿಗೆ ಬಿದ್ದಿದೆ ಈಡು?"

"ಹಿಂಭಾಗಕ್ಕೆ. ಹೊಟ್ಟೆಯಿರಬೇಕು."

"ಹೊಡೆದವರು ಯಾರು? ಅವರ ಜೊತೆ ಮಾತಾಡ್ಬೇಕು."

ಒಟ್‌ಮಾರ್ ಸೂಪಿನ ಹಂಡೆ ನೋಡಿದ. "ನಾನೇ," ಎಂದ.

ಸೂಪಿನ ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಮಾರ್ಲೀಸ್‌ಗೆ ನಾಲಿಗೆಯ ತುದಿಗೆ ಬಂದದ್ದು ಬೇಕಾದಷ್ಟಿತ್ತು. ಅವಳು ಕೇಳಿದ್ದು ಒಂದೇ: "ಎರಡೂ ಕಣ್ಣು ಬಿಟ್ಕೊಂಡೇ ಹೊಡೆದ್ಯಾ?"

"ಬೈಯೋದನ್ನ ಆಮೇಲೆ ಬೈಯಿ. ಈಗ ಬಾ."

ಅವಳು ಕಾರಿನ ಹಿಂದೆ ಹೋಗಿ ಗಿಡ್ಡ ನಳಿಗೆ ಕೂರಿಸಿದಳು. ಒಂದು ಕಟಕ್, ಇನ್ನೊಂದು ಕಟಕ್. ಫೆನ್ಯಾಗೆ ದಪ್ಪ ಕವಚ ತೊಡಿಸಿ, ಉದ್ದ ಹಗ್ಗ ಕಟ್ಟಿದಳು. ನಾಯಿ ಆಗಲೇ ಬೇರೆ ನಾಯಿಯಾಗಿತ್ತು, ಮೈಯೆಲ್ಲ ಮೂಗಾಗಿತ್ತು.

ಈಡು ಬಿದ್ದ ಜಾಗದಲ್ಲಿ ಎಲೆಯ ಮೇಲೆ ಕಪ್ಪು ನೆತ್ತರಿನ ಎರಡು ಹನಿ. ಫೆನ್ಯಾ ಅದನ್ನು ಮೂಸಿ, ಒಂದು ಕ್ಷಣ ನಿಂತು, ಹಗ್ಗ ಬಿಗಿಯಾಗುವಂತೆ ಮುಂದಕ್ಕೆ ಎಳೆಯಿತು. ಬೀಚ್ ಮರಗಳ ಕೆಳಗೆ, ಒಣಗಿದ ತೊರೆಯ ಗುಂಟ, ಮತ್ತೆ ಏರು. ಒಟ್‌ಮಾರ್ ಕೋವಿಯ ತೋಟಾ ತೆಗೆದಿಟ್ಟು ಅವಳ ಹಿಂದೆ ಬರುತ್ತಿದ್ದ. ಜಾಡಿನಲ್ಲಿ ಈಡು ಹಾರಿಸುವುದು ನಾಯಿ ಹಿಡಿದವರೊಬ್ಬರೇ. ಮುಳ್ಳುಪೊದೆಯ ಮುಂದೆ ಫೆನ್ಯಾ ನಿಂತಿತು. ಬೆನ್ನ ಕೂದಲು ಸೆಟೆಯಿತು.

"ಇಲ್ಲೇ ಇದ್ದಾನೆ," ಎಂದು ಪಿಸುಗುಟ್ಟಿದಳು ಮಾರ್ಲೀಸ್. ಹಗ್ಗ ಬಿಚ್ಚಿದಳು. ನಾಯಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಒಂದೇ ಕಡೆ ನಿಂತು ಬೊಗಳುವ ಗಟ್ಟಿ ದನಿ ಬಂತು. ಜೊತೆಗೆ ಹಲ್ಲು ಮಸೆಯುವ ಸದ್ದು.

"ಮಾರ್ಲೀಸ್," ಎಂದ ಒಟ್‌ಮಾರ್.

"ನೀನಿಲ್ಲೇ ಇರು. ದಾರೀಲಿ ಯಾರಾದ್ರೂ ಬಂದ್ರೆ ನಿಲ್ಸು."

ಅವಳು ಮಂಡಿಯೂರಿ ಒಳಗೆ ಹೋದಳು. ಮುಳ್ಳು ಟೋಪಿ ಕಿತ್ತುಕೊಂಡಿತು. ಒಂದು ಕಡೆ ರೆಂಬೆಯೊಂದು ಕುದುರೆಯ ಬಳೆಯೊಳಗೆ ಹೊಕ್ಕು ಕೋವಿಯನ್ನು ಹಿಂದಕ್ಕೆ ಜಗ್ಗಿತು. ಕುದುರೆ ಹಿಂದಕ್ಕೆ ಹೋದದ್ದು ಅವಳ ಬೆರಳಿಗೆ ತಿಳಿಯಿತು. ಏನೂ ಆಗಲಿಲ್ಲ. ಕೋವಿ ನಿದ್ದೆಯಲ್ಲಿತ್ತು. ಅಪ್ಪನ ಕೋವಿಯಾಗಿದ್ದರೆ ಎಂದು ಯೋಚಿಸಲು ಹೊತ್ತಿರಲಿಲ್ಲ. ರೆಂಬೆ ಬಿಡಿಸಿಕೊಂಡು ಮುಂದೆ ತೆವಳಿದಳು.

ಪೊದೆಯೊಳಗೆ ಕೋಣೆಯಷ್ಟು ತೆರಪು. ಸಲಗ ಒಂದು ಬೇರಿಗೆ ಬೆನ್ನು ಕೊಟ್ಟು ಕೂತಿತ್ತು, ಎದುರಿಗೆ ಫೆನ್ಯಾ ಹಿಂದೆ ಮುಂದೆ ಹಾರುತ್ತಿತ್ತು. ಕಪ್ಪು ಕಲ್ಲಿನಂಥ ತಲೆ, ಬಿಳಿ ಕೋರೆ. ಮಾರ್ಲೀಸ್ ಕೋವಿ ಏರಿಸಿದಳು. ಕೆಂಪು ಚುಕ್ಕಿ ಹಂದಿಯ ಮೇಲೆ ಕೂತಿತು, ಮರುಕ್ಷಣ ಅಲ್ಲಿ ನಾಯಿಯ ಕೆಂಪು ಮೈ. ಅವಳು ಕಾದಳು. ಹೆಬ್ಬೆರಳು ಗುಂಡಿಯ ಮೇಲೆ ಇತ್ತು. ಸಲಗಕ್ಕೆ ಅವಳ ವಾಸನೆ ಸಿಕ್ಕಿತು. ತಲೆ ತಿರುಗಿಸಿತು. ನಾಯಿಯನ್ನು ಮರೆತು ನೇರ ಅವಳತ್ತ ಬಂತು.

ಗುಂಡಿ ಮುಂದೆ ಹೋಯಿತು. ಈಡು. ಹಂದಿಯ ಮುಂಗಾಲು ಮಡಚಿತು, ಆದರೂ ಆ ಭಾರ ನಿಲ್ಲಲಿಲ್ಲ. ಎಳೆ, ದೂಡು. ಕೆನ್ನೆ ಇದ್ದಲ್ಲೇ ಇತ್ತು, ಚುಕ್ಕಿ ಇದ್ದಲ್ಲೇ ಇತ್ತು, ಈಗ ಚುಕ್ಕಿಯ ತುಂಬ ಬರೀ ಹಣೆ. ಎರಡನೆಯ ಈಡು. ಸಲಗ ಅವಳ ಮಂಡಿಯ ಮುಂದೆ ಮೂತಿಯಿಂದ ಮಣ್ಣು ಉತ್ತು, ಒಮ್ಮೆ ನಡುಗಿ, ಸುಮ್ಮನಾಯಿತು. ಅದರ ಬಿಸಿ ಉಸಿರು ಅವಳ ಕೈಗೆ ತಾಗಿತ್ತು.

ಫೆನ್ಯಾ ಬಂದು ಹಂದಿಯ ಕಿವಿ ಹಿಡಿದು ಒಮ್ಮೆ ಜಾಡಿಸಿ, ಮಾರ್ಲೀಸ್‌ಳ ಮುಖ ನೆಕ್ಕಿತು. ಅವಳು ಕೋವಿಯ ಗುಂಡಿಯನ್ನು ಹಿಂದಕ್ಕೆ ತಂದಳು. ಎದೆಯೊಳಗಿಂದ ಏನೋ ಉಕ್ಕಿ ಬಂತು. ಬಾಯಿಬಿಟ್ಟರೆ ಹಾಡಾಗಿಬಿಡುತ್ತದೇನೋ ಎನ್ನಿಸಿತು. ತಾನೇ ಹೋಗುವುದು ಸರಿಯೇ, ಬಿಡುವುದು ಸರಿಯೇ ಎಂದು ತಿಂಗಳುಗಟ್ಟಲೆ ಒಳಗೊಳಗೇ ನಡೆದಿದ್ದ ಜಗಳ ಮುಗಿದಿತ್ತು.

"ಮಾರ್ಲೀಸ್, ಇದ್ದೀಯಾ?" ಒಟ್‌ಮಾರ್‌ನ ದನಿ ಸೀಳಿತ್ತು.

"ಇದ್ದೀನಿ. ನಿನ್ನ ಹಂದಿಯೂ ಇಲ್ಲೇ ಇದ್ದಾನೆ. ಎಳ್ಕೊಂಡು ಹೋಗೋಕೆ ಬಾ, ನನ್ನೊಬ್ಬಳ ಕೈಲಾಗಲ್ಲ."

ಸಂಜೆಯ ಬೆಳಕು ಇರುವಾಗಲೇ ಗುಡಿಸಲ ಮುಂದೆ ಫರ್ ರೆಂಬೆಗಳ ಮೇಲೆ ದಿನದ ಮಿಕಗಳನ್ನು ಸಾಲಾಗಿ ಮಲಗಿಸಿದರು. ನಾಲ್ಕು ಮೂಲೆಗೂ ಬೆಂಕಿ. ಎಲ್ಲಕ್ಕಿಂತ ಮೊದಲಿಗೆ ಸಲಗ. ಕೊಂಬುಗಳು ಸತ್ತ ಹಂದಿಗೆಂದೇ ಇರುವ ರಾಗ ಊದಿದವು, ಜನ ಟೋಪಿ ತೆಗೆದು ನಿಂತರು. ಒಟ್‌ಮಾರ್ ಮಿಕ ಗೆದ್ದವರಿಗೆ ಕೊಡುವ ಪದ್ಧತಿಯಂತೆ ಓಕ್ ಮರದ ಒಂದು ಪುಟ್ಟ ರೆಂಬೆ ಮುರಿದು, ಕೈಯಲ್ಲಿದ್ದ ಟೋಪಿಯ ಮೇಲಿಟ್ಟುಕೊಂಡು ಎಲ್ಲರ ಕಣ್ಣೆದುರಿಗೆ ಅವಳ ಮುಂದೆ ಬಂದು ನಿಂತ. ಬೇಟೆಯ ಶುಭ ಹಾರೈಸಿದ. ಅವಳು ರೆಂಬೆಯನ್ನು ತೆಗೆದುಕೊಂಡು, ಅರ್ಧ ಮುರಿದು ಫೆನ್ಯಾದ ಕತ್ತಿನ ಪಟ್ಟಿಗೆ ಸಿಕ್ಕಿಸಿದಳು.

"ಪದ್ಧತಿ ಪ್ರಕಾರ ಕೋರೆ ನಂದು," ಎಂದ ಒಟ್‌ಮಾರ್. "ಮೊದಲ ಈಡು ನಂದಲ್ವ. ಆದ್ರೆ ನನ್ನ ಗೋಡೆ ಮೇಲೆ ಅದನ್ನ ನೋಡ್ದಾಗಲೆಲ್ಲ ನನ್ನ ಹೆಂಡ್ತಿ ಕಥೆ ಶುರು ಮಾಡ್ತಾಳೆ. ನೀನೇ ತಗೋ."

"ತಗೋತೀನಿ," ಎಂದಳು ಮಾರ್ಲೀಸ್. ಬೇಡ ಎನ್ನಬೇಕೆಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ.

"ಮುಂದಿನ ತಿಂಗಳು ಕೆಳಗಿನ ಕಾಡಲ್ಲಿ ಇನ್ನೊಂದು ಬೇಟೆ ಇದೆ. ಆಚೆಯವನಿಗೆ ಬರೋದು ಬೇಡ ಅಂತ ಹೇಳ್ತೀನಿ."

"ಬೇಡ. ಬರಲಿ. ನಾಯಿ ಗುಣವಾದ್ಮೇಲೆ ಬರಲಿ. ಎರಡು ಜಾಡಿದ್ರೆ ಇಬ್ಬರು ಬೇಕಾಗತ್ತೆ. ಆದ್ರೆ ರೊಟ್ಟಿ ನೀನೇ ಹೊತ್ಕೊಂಡು ಹೋಗು."

ನಿಂತವರೆಲ್ಲ ನಕ್ಕರು, ಒಟ್‌ಮಾರ್ ಎಲ್ಲರಿಗಿಂತ ಜೋರಾಗಿ ನಕ್ಕ. ಯಾರೋ ದೊಡ್ಡ ಗಾಜಿನ ಲೋಟದಲ್ಲಿ ರೀಸ್ಲಿಂಗ್ ವೈನಿಗೆ ಸೋಡ ಬೆರೆಸಿ ಅವಳ ಕೈಗೆ ಕೊಟ್ಟರು. ಗುರಿ ಮೈದಾನದಲ್ಲಿ ಹಂದಿ ನೂರು ವರ್ಷ ಬದುಕುತ್ತದೆ ಎಂದಿದ್ದವನು ಬಂದು, ಆ ಕಪ್ಪು ಕೋವಿಯನ್ನು ಒಂದು ಸಲ ಹೆಗಲಿಗೆ ಏರಿಸಿ ನೋಡಬಹುದೇ ಎಂದು ಕೇಳಿದ. ಅವಳು ತೋಟಾ ತೆಗೆದು ಕೊಟ್ಟಳು. ಬಲಗೈಯವನು, ಬೋಲ್ಟ್ ಹುಡುಕುತ್ತ ಅವನ ಕೈ ತಪ್ಪು ಬದಿಯಲ್ಲಿ ತಡಕಾಡಿತು.

"ಸ್ವಲ್ಪ ದಿನ ಹಲ್ಲನ್ನ ಎಡಗೈಲಿ ಉಜ್ಜು," ಎಂದಳು ಮಾರ್ಲೀಸ್. "ಆಮೇಲೆ ಬಾ."